ಚೆಂಡು ನಿಲ್ಲಿಸುವವನ ಪರವಾಗಿ

ನನಗೆ ಇನ್ನೊಬ್ಬರ ಹಾಗೆ ಕೆಮ್ಮಲು ಬರುತ್ತದೆ. ಇದೂ ಒಂದು ವಿದ್ಯೆಯೇ ಎಂದು ನೀವು ಕೇಳಬಹುದು. ಈ ವಿದ್ಯೆಯಿಂದಲೇ ನಾನು ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಿದ್ದೇನೆ, ಇದರಿಂದಲೇ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಗೆ ಕೂತಿದ್ದೇನೆ. ಹೆಡ್ ಮಾಸ್ತರರ ಕೆಮ್ಮು, ಕೆರೂರ ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರನ್ನೆಲ್ಲ ಮೂಗಿನಿಂದಲೇ ಕೂಗುವ ಕಂಡಕ್ಟರು, ಬಿಸಿ ಚಹಾ ಹೀರುವಾಗ ನಮ್ಮ ಸೋದರಮಾವ ಹೊರಡಿಸುವ ಪಂಪ್‌ಸೆಟ್ಟಿನ ಸದ್ದು, ಯಾವುದನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ನಾನು ಹೇಗೆ ಮೊಣಕಾಲು ಜೋಡಿಸಿ, ಉಪ್ಪಿಟ್ಟಿನ ಪ್ಲೇಟನ್ನು ದೇವರ ಪ್ರಸಾದದಂತೆ ಹಿಡಿದು ಕೂತಿದ್ದೆ ಎಂಬುದನ್ನು ಎಲ್ಲರಿಗೂ ಮಾಡಿ ತೋರಿಸಿದ್ದೇನೆ. ಹೆಣ್ಣಿನ ಮನೆಯವರಿಗೂ ತೋರಿಸಿಬಿಟ್ಟದ್ದೊಂದು ತಪ್ಪಾಯಿತು.

ಇಂಥ ನನಗೆ ಒಬ್ಬ ಮನುಷ್ಯನನ್ನು ಮಾತ್ರ ಅನುಕರಿಸಲು ಬರಲಿಲ್ಲ. ಅವರು ನಿಂಗಪ್ಪ ಕಾಕಾ.

ನಮ್ಮ ಇಳಕಲ್ಲಿನಲ್ಲಿ ಒಂದು ಕಲ್ಲು ಪಾಲಿಶ್ ಕಾರ್ಖಾನೆಯವರು ಒಂದು ಕಾಲದಲ್ಲಿ ಹಾಕಿ ಆಟದ ತಂಡವೊಂದನ್ನು ಸಾಕಿದ್ದರು. ಸಾಕಿದ್ದರು ಎಂಬುದು ಸರಿಯಾದ ಮಾತು. ಆಟಗಾರರಿಗೆ ಆಟಕ್ಕೇ ಪಗಾರ, ಊಟ, ವರ್ಷಕ್ಕೊಂದು ಜೊತೆ ಬೂಟು. ಗದಗ, ಹುಬ್ಬಳ್ಳಿ, ಬೆಳಗಾವಿ ಎಂದು ಊರೂರು ತಿರುಗಿ ಕಪ್ ಗೆದ್ದು ತಂದವರು ಅವರು. ನಾನು ಅವರ ಆಟ ನೋಡಿಲ್ಲ, ಅದು ನಾನು ಹುಟ್ಟುವ ಮೊದಲಿನದು. ಆದರೆ ಅವರ ಬಡಾಯಿಯನ್ನು ಕಣ್ಣಾರೆ ನೋಡಿದ್ದೇನೆ. ಚಹಾದಂಗಡಿಯ ಬೆಂಚಿನ ಮೇಲೆ ಅವರು ಹೊಡೆದಷ್ಟು ಗೋಲುಗಳನ್ನು ಯಾವ ಮೈದಾನವೂ ಕಂಡಿರಲಿಕ್ಕಿಲ್ಲ. ಅವರಲ್ಲಿ ಹಿರಿಯರು ಶಂಕ್ರಪ್ಪನವರು, ಪೆನಾಲ್ಟಿ ಕಾರ್ನರಿನ ಹುಲಿ. ಅವರು ಮೀಸೆ ತಿರುವಿ "ಹೊಡದೆ ನೋಡು!" ಎಂದರೆ ಪಕ್ಕದಲ್ಲಿ ಕೂತವರು ಈಗಲೂ ತಲೆ ತಗ್ಗಿಸುತ್ತಾರೆ.

ಪೆನಾಲ್ಟಿ ಕಾರ್ನರ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಬ್ಬ ಗೆರೆಯ ಮೇಲಿನಿಂದ ಚೆಂಡು ತಳ್ಳುತ್ತಾನೆ. ದೂರದಲ್ಲಿ ಇನ್ನೊಬ್ಬ ಮಂಡಿಯೂರಿ ಅದನ್ನು ತಡೆದು ನಿಲ್ಲಿಸುತ್ತಾನೆ. ಮೂರನೆಯವನು ನಿಂತ ಚೆಂಡನ್ನು ಹೊಡೆಯುತ್ತಾನೆ. ಆ ಕಾಲದಲ್ಲಿ ಚೆಂಡನ್ನು ಬರಿಗೈಯಿಂದ ತಡೆಯಲು ಅವಕಾಶವಿತ್ತು. ಮೈದಾನವೆಂದರೆ ಹುಲ್ಲಿನದಲ್ಲ, ಗರಸಿನದು, ಬರೀ ಕಲ್ಲುಹರಳಿನ ಮಣ್ಣು. ಚೆಂಡು ಎಲ್ಲಿ ಪುಟಿಯುತ್ತದೆ ಎಂಬುದು ಚೆಂಡಿಗೇ ಗೊತ್ತಿರುತ್ತಿರಲಿಲ್ಲ. ಹೊಡೆಯುತ್ತಿದ್ದವರು ಶಂಕ್ರಪ್ಪ, ನಿಲ್ಲಿಸುತ್ತಿದ್ದವರು ನಿಂಗಪ್ಪ. ತಂಡದ ಪುಸ್ತಕದಲ್ಲಿ ಮಾತ್ರ 'ಗೋಲು: ಶಂಕ್ರಪ್ಪ' ಎಂದಿಷ್ಟೇ. ನಿಲ್ಲಿಸಿದವನಿಗೆ ಅದರಲ್ಲಿ ಕಾಲಮ್ಮೇ ಇರಲಿಲ್ಲ.

ಕಳೆದ ವರ್ಷ ಹಳೆಯ ಆಟಗಾರರ ಸಮಿತಿಯ ಅಧ್ಯಕ್ಷರಿಗೆ ಒಂದು ಹುರುಪು ಬಂತು. ಮೈದಾನದ ಗೋಡೆಗೆ ನಮ್ಮೂರಿನ ಕೆಂಪು ಕಲ್ಲಿನದೊಂದು ಫಲಕ, ಅದರ ಮೇಲೆ ಸಾರ್ವಕಾಲಿಕ ಶ್ರೇಷ್ಠ ಹನ್ನೊಂದು ಮಂದಿಯ ಹೆಸರು. ಹೆಸರು ಕೆತ್ತುವ ಮೊದಲು ಅವನ್ನು ಸಾರುವ ಸಮಾರಂಭದಲ್ಲಿ ಆ ಹನ್ನೊಂದು ಮಂದಿಯ ನಕಲು ಮಾಡಿ ಜನರನ್ನು ನಗಿಸುವ ಕೆಲಸ ನನ್ನದು. ಪಟ್ಟಿ ಓದಿದೆ. ನಿಂಗಪ್ಪನವರ ಹೆಸರಿರಲಿಲ್ಲ.

"ನಿಂಗಪ್ಪ ಕಾಕಾಂದು ಬಿಟ್ಟೈತಲ್ರಿ?" ಎಂದೆ.

"ಅಂವಾ ಎಷ್ಟ ಗೋಲ್ ಹೊಡದಾನ?" ಎಂದರು ಅಧ್ಯಕ್ಷರು.

"ಒಂದೂ ಇಲ್ರಿ."

"ಮತ್ತ? ಸುಮ್ನ ಬಗ್ಗಿ ಕುಂತಾಂವಗ ಕಲ್ಲಿನ್ಯಾಗ ಜಾಗಾ ಕೊಡಾಕ ಬರ್ತೈತೇನು? ನೀ ನಗಸಾಕ ಬಂದೀದಿ, ನಗಸು."

ಅಲ್ಲೇ ಇದ್ದ ಶಂಕ್ರಪ್ಪನವರು ತಮ್ಮ ಚಪ್ಪಲಿಯ ಉಂಗುಟವನ್ನು ಬಹಳ ಹೊತ್ತು ನೋಡಿಕೊಂಡರು.

ನನಗೆ ಸಿಟ್ಟು ಬರುವುದು ಕಡಿಮೆ. ಬಂದರೂ ಅದು ಬೇರೆ ಯಾರದೋ ಸಿಟ್ಟಿನ ನಕಲಿನಂತೆ ಕಾಣುತ್ತದೆ. ಅವತ್ತು ಮಾತ್ರ ಬಂದದ್ದು ನನ್ನದೇ. ಸುಮ್ಮನೆ ಬಗ್ಗಿ ಕೂತವನಂತೆ! ನೀವು ಬಾದಾಮಿಯ ಗುಹೆಗೆ ಹೋಗಿರುತ್ತೀರಿ. ಹದಿನೆಂಟು ಕೈಯ ನಟರಾಜನ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಗೈಡು ಆ ಕೈಗಳನ್ನು ಒಂದೊಂದಾಗಿ ಎಣಿಸಿ ತೋರಿಸುತ್ತಾನೆ (ಅವನ ನಕಲೂ ನನಗೆ ಬರುತ್ತದೆ). ಆದರೆ ಕೆಳಗೆ ಗುಹೆಯ ಜಗತಿಕಟ್ಟೆಯ ಅಂಚಿನಲ್ಲಿ ಸಾಲಾಗಿ ನಿಂತ ಶಿವಗಣಗಳನ್ನು ನೋಡಿದ್ದೀರಾ? ಕುಳ್ಳರು, ಹೊಟ್ಟೆಯವರು, ಒಬ್ಬೊಬ್ಬನದು ಒಂದೊಂದು ಮುಖ. ಇಡೀ ಗುಹೆಯ ಭಾರ ತಮ್ಮ ಮೇಲೇ ಇದೆ ಎಂಬಂತೆ, ಆದರೂ ನಗುತ್ತ ಇದ್ದಾರೆ. ಆ ಶಿಲ್ಪಿಗೆ ಬುದ್ಧಿ ಇತ್ತು, ಕೆಳಗಿನವರಿಗೂ ಕಲ್ಲಿನಲ್ಲಿ ಜಾಗ ಕೊಟ್ಟ. ನಮ್ಮ ಸಮಿತಿಗೆ ಅಷ್ಟು ಕಲ್ಲು ಸಿಗಲಿಲ್ಲ, ಕಲ್ಲಿನ ಊರಿನಲ್ಲಿ ಕೂತು!

ಪಟ್ಟಿಯಲ್ಲಿ ಇರಲಿ ಬಿಡಲಿ, ಅವರ ನಕಲು ಮಾಡಿಯೇ ತೀರುತ್ತೇನೆಂದು ಹಟ ಹಿಡಿದು ಕಾಕಾನ ಮನೆಗೆ ಹೋದೆ. ಅವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಆಟ ನಿಂತ ಮೇಲೆ ಕಾರ್ಖಾನೆಯಲ್ಲೇ ಕಲ್ಲು ಪಾಲಿಶ್ ಮಾಡಿ, ಅದನ್ನೂ ಬಿಟ್ಟಮೇಲೆ ಮನೆತನದ ನೇಯ್ಗೆಗೆ ಮರಳಿದವರು. ಇಳಕಲ್ ಸೀರೆಯ ಸೆರಗಿನ ಎಳೆಗಳೇ ಬೇರೆ, ಒಡಲಿನ ಎಳೆಗಳೇ ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಸೇರಿಸಬೇಕು. ಸೀರೆ ಉಟ್ಟವಳು ಸೆರಗು ಹೊದ್ದು ನಡೆದರೆ ಜನ ಸೆರಗು ನೋಡುತ್ತಾರೆ, ಒಡಲು ನೋಡುತ್ತಾರೆ, ಆ ಕೊಂಡಿ ಯಾರಿಗೂ ಕಾಣುವುದಿಲ್ಲ. ಕಾಕಾ ಅದನ್ನೇ ಹಾಕುತ್ತಿದ್ದರು. ಬಲಗೈಯ ಕಿರುಬೆರಳು ಮಾತ್ರ ಕೆಲಸಕ್ಕೆ ಬರದೆ ಹೊರಗೆ ಸೊಟ್ಟಗೆ ನಿಂತಿತ್ತು. ಅದು ಯಾವುದೋ ಫೈನಲ್ಲಿನ ಚೆಂಡು ಕೊಟ್ಟ ಬಹುಮಾನ.

"ಕಾಕಾ, ನಿಮ್ಮ ನಕಲು ಮಾಡಾಕ ಕಲೀಬೇಕು ಅಂತ ಬಂದೇನಿ."

"ನಂದೇನೈತೋ ತಮ್ಮಾ? ಬಗ್ಗೂದು, ಏಳೂದು."

ಒಳಗಿನಿಂದ ಕಾಕಾನ ಹೆಂಡತಿ ಕಾಕೂನ ದನಿ ಬಂತು: "ಊಟಕ್ಕ ಏಳ್ರಿ ಅಂದ್ರ ಅದೂ ಇಲ್ಲ. ಬರೇ ಬಗ್ಗೂದಷ್ಟ!"

ಕಾಕಾ ನಕ್ಕರು. ನಾನು ಅರ್ಧ ತಾಸು ಅವರನ್ನೇ ನೋಡಿದೆ. ಹಿಡಿಯಲು ಏನೂ ಸಿಗಲಿಲ್ಲ. ಕೆಮ್ಮಿಲ್ಲ, ಗೊಣಗಿಲ್ಲ, ಬಡಾಯಿಯಂತೂ ಮೊದಲೇ ಇಲ್ಲ. ನಮ್ಮಂಥ ನಕಲು ಮಾಡುವವರ ಹೊಟ್ಟೆ ತುಂಬುವುದು ಮನುಷ್ಯರು ಹೊರಚಾಚಿದ ಭಾಗಗಳಿಂದ. ಇವರಲ್ಲಿ ಹೊರಚಾಚಿದ್ದು ಆ ಕಿರುಬೆರಳೊಂದೇ.

ಹೊರಡುವಾಗ ಅವರು ಎಳೆಯ ಮೇಲಿನ ಕಣ್ಣು ಎತ್ತದೆ ಕೇಳಿದರು: "ಕಲ್ಲಿನ್ಯಾಗ ಕೆತ್ತತಾರಂತ, ಖರೇನ?"

"ಹೂಂ ಕಾಕಾ."

"ಬಣ್ಣದಾಗ ಬರದಿದ್ರ ಏನೂ ಅನಸ್ತಿದ್ದಿಲ್ಲ. ಮಳಿ ಬಂದ್ರ ಹೋಗ್ತೈತಿ. ಕಲ್ಲು ಅಂದ್ರ..." ಎಂದು ನಿಲ್ಲಿಸಿದರು. "ನಾನೂ ಭಾಳ ದಿವಸ ಪಾಲಿಶ್ ಮಾಡೇನಲ್ಲ. ಅದರಾಗ ಬಂದಿದ್ದು ಹೋಗಂಗಿಲ್ಲ, ಬರದಿದ್ದು ಬರಂಗಿಲ್ಲ."

ಮತ್ತೆ ಕೊಂಡಿ ಹಾಕತೊಡಗಿದರು. ನಾನು ಅವತ್ತು ದಾರಿಯಲ್ಲಿ ಯಾರ ನಕಲನ್ನೂ ಮಾಡದೆ ಮನೆಗೆ ಬಂದೆ.

ಸಮಾರಂಭದ ಸಂಜೆ ಮೈದಾನ ತುಂಬಿತ್ತು. ಗೋಲ್‌ಕೀಪರರ ಹೊಟ್ಟೆ, ಕೋಚ್ ಸಾಹೇಬರ ಸೀಟಿ, ಒಂದೊಂದಾಗಿ ನಕಲು ಮಾಡಿದೆ, ಜನ ನಕ್ಕರು. ಕೊನೆಗೆ ಪೆನಾಲ್ಟಿ ಕಾರ್ನರ್. "ಹುಲಿಯ ನಕಲು ನಾ ಮಾಡೂದು ಸರಿಯಲ್ರಿ, ಹುಲಿನ ಬರ್ಲಿ" ಎಂದು ಶಂಕ್ರಪ್ಪನವರ ಕೈಗೆ ಸ್ಟಿಕ್ ಕೊಟ್ಟೆ. ಅವರು ಮೀಸೆ ತಿರುವಿ ತಯಾರಾದರು. ನಾನು ಗೆರೆಯ ಮೇಲಿನಿಂದ ಚೆಂಡು ತಳ್ಳಿದೆ. ಗರಸಿನ ಮೇಲೆ ಪುಟಿಯುತ್ತ ಬಂದ ಚೆಂಡಿಗೆ ಅವರು ಬೀಸಿದ ಸ್ಟಿಕ್ಕು ಗಾಳಿಗೆ ಹೊಡೆಯಿತು. ಇನ್ನೊಮ್ಮೆ ತಳ್ಳಿದೆ. ಚೆಂಡು ಅವರನ್ನು ದಾಟಿ ಅಧ್ಯಕ್ಷರ ಕುರ್ಚಿಯ ಕೆಳಗೆ ಹೋಗಿ ಕೂತಿತು.

"ಲೇ ಮಂಗ್ಯಾ! ಯಾರರ ನಿಂದರಿಸಿದ್ರ ಹೊಡೀಬೇಕಲ್ಲೋ!" ಎಂದು ಹುಲಿ ಗರ್ಜಿಸಿತು.

"ನಿಂದರಸಾವ್ರು ಪಟ್ಟಿ ಒಳಗ ಇಲ್ರಿ ಸರ" ಎಂದೆ ಮೈಕಿನಲ್ಲಿ, ಅಧ್ಯಕ್ಷರದೇ ದನಿಯಲ್ಲಿ. "ಸುಮ್ನ ಬಗ್ಗಿ ಕುಂತಾಂವಗ ಜಾಗಾ ಕೊಡಾಕ ಬರ್ತೈತೇನು?"

ಜನ ನಗಲಿಲ್ಲ. ನನ್ನ ವೃತ್ತಿಯಲ್ಲಿ ಅಷ್ಟೊಂದು ಮಂದಿಯನ್ನು ನಗಿಸದೇ ಇದ್ದದ್ದು ಅದೇ ಮೊದಲು, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಶಂಕ್ರಪ್ಪನವರು ಹಿಂದಿನ ಸಾಲುಗಳ ಕಡೆ ತಿರುಗಿ ಕೂಗಿದರು: "ನಿಂಗ್ಯಾ! ಎಲ್ಲಿ ಕುಂತೀಲೇ? ಬಾ ಇಲ್ಲೆ!"

ನಿಂಗಪ್ಪ ಕಾಕಾ ಧೋತರ ಮೇಲಕ್ಕೆ ಕಟ್ಟಿಕೊಂಡು ಬಂದರು, ಮಂಡಿಯೂರಿದರು. ನಾನು ಚೆಂಡು ತಳ್ಳಿದೆ, ಕನಿಕರವಿಲ್ಲದೆ, ಜೋರಾಗಿ. ಚೆಂಡು ಎರಡು ಸಲ ಪುಟಿಯಿತು. ಆ ಕೈ ಯಾವ ಅವಸರವೂ ಇಲ್ಲದೆ ನೆಲಕ್ಕೆ ಇಳಿಯಿತು, ಚೆಂಡು ಅದರ ಕೆಳಗೆ ಮೊದಲೇ ಅಲ್ಲಿ ಇಟ್ಟಿದ್ದಂತೆ ನಿಂತಿತು. ಕಾಕಾ ಕೈ ತೆಗೆದು ಪಕ್ಕಕ್ಕೆ ಸರಿದರು.

ಶಂಕ್ರಪ್ಪನವರು ಸ್ಟಿಕ್ ಎತ್ತಿದರು. ಹೊಡೆಯಲಿಲ್ಲ, ಇಳಿಸಿದರು.

"ಇನ್ನ ಇದನ್ನ ನಿಮ್ಮ ಮನ್ಯಾಗಿನ ಅಜ್ಜಿನೂ ಹೊಡೀತಾಳ," ಎಂದರು ಜನರಿಗೆ. ಆಮೇಲೆ ಅಧ್ಯಕ್ಷರ ಕಡೆ ತಿರುಗಿದರು: "ಇವನ ಹೆಸರ ಹಾಕ್ರಿ."

"ಹನ್ನೊಂದ ಅಂತ ಮ್ಯಾಲ ತಲೆಬರಹ ಕೆತ್ತಿ ಆಗೇತಿ ಶಂಕ್ರಪ್ಪ, ಹೆಸರಷ್ಟ ಬಾಕಿ. ಕಲ್ಲದು, ಹ್ಯಾಂಗ ಅಳಸೂದು?"

"ಹಂಗಾರ ನಂದ ಬಿಡ್ರಿ."

ಹುಲಿಯ ಹೆಸರು ಬಿಡುವ ಧೈರ್ಯ ಅಧ್ಯಕ್ಷರಿಗೆಲ್ಲಿಯದು? ಉಳಿದ ಹತ್ತು ಮಂದಿಯಂತೂ ತಮ್ಮ ತಮ್ಮ ಹೆಸರನ್ನು ಬಿಡುವ ಮಾತು ಬಂದೀತೆಂದು ಆಕಾಶ ನೋಡುತ್ತ ಕೂತಿದ್ದರು.

ಹೀಗಾಗಿ ಈಗ ಆ ಕಲ್ಲಿನಲ್ಲಿ 'ಶ್ರೇಷ್ಠ ಹನ್ನೊಂದು' ಎಂಬ ತಲೆಬರಹದ ಕೆಳಗೆ ಹನ್ನೆರಡು ಹೆಸರುಗಳಿವೆ. ಹನ್ನೆರಡನೆಯದಕ್ಕೆ ಜಾಗ ಮಾಡಲು ದಾನಿಗಳಾದ ಅಧ್ಯಕ್ಷರ ಹೆಸರನ್ನು ಇರುವೆ ಗಾತ್ರಕ್ಕೆ ಇಳಿಸಲಾಗಿದೆ. ಹುನಗುಂದದಿಂದ ಬಂದ ಗಣಿತದ ಮಾಸ್ತರರೊಬ್ಬರು ಮೊನ್ನೆ ಬೆರಳಿಟ್ಟು ಎಣಿಸಿ, ಮತ್ತೊಮ್ಮೆ ಎಣಿಸಿ, "ಕೆತ್ತಿದಾಂವಗ ಲೆಕ್ಕ ಬರೂದಿಲ್ಲೇನ್ರಿ? ತಿದ್ದಸ್ರಿ ಇದನ್ನ" ಎಂದು ನನಗೇ ಗದರಿಸಿದರು. ಯಾರು ಗದರಿಸಿದರೂ ನಾವು ತಿದ್ದಿಸುವುದಿಲ್ಲ. ಲೆಕ್ಕ ಸರಿಯಿರುವ ಫಲಕಗಳು ಊರ ತುಂಬ ಇವೆ, ಯಾರೂ ನಿಂತು ಓದುವುದಿಲ್ಲ. ಇದರ ಮುಂದೆ ಮಾತ್ರ ಬಂದವರೆಲ್ಲ ನಿಲ್ಲುತ್ತಾರೆ, ಎಣಿಸುತ್ತಾರೆ, ಮತ್ತೊಮ್ಮೆ ಎಣಿಸುತ್ತಾರೆ, ಎರಡು ಸಲವೂ ಅವರ ಬೆರಳು ಕೊನೆಗೆ ಬಂದು ನಿಲ್ಲುವುದು ನಿಂಗಪ್ಪನ ಹೆಸರಿನ ಮೇಲೆ.