ಉದ್ದ ಮಾಡಿದ ಶಿವದಾರ

ನಾನು ಅಕ್ಕ ಎಂದು ಕರೆಯುತ್ತಿದ್ದ ಓರಗಿತ್ತಿಯ ರವಿಕೆಗಳಲ್ಲಿ ಎಡಗಡೆಯ ಹೊಲಿಗೆ ಮಾತ್ರ ಬಿಚ್ಚಿ ಸಡಿಲ ಮಾಡಿದ್ದನ್ನು ಕಂಡವಳು ನಾನು. ಕಂಡೂ ಕೇಳಲಿಲ್ಲ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಲಂಗ ಕಟ್ಟಿಕೊಂಡೇ ಸ್ನಾನ ಮಾಡಿ ಬೆಳೆದವಳು. ಇನ್ನೊಬ್ಬರ ಮೈ ನೋಡಬಾರದು, ತನ್ನದನ್ನಂತೂ ನೋಡಲೇಬಾರದು. ಆ ಸಭ್ಯತೆಯ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೊಳಲ್ಕೆರೆಯಲ್ಲಿ ನಮ್ಮದು ಕೂಡುಮನೆ. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರವನ್ನು ಕೊರಳಿಗೆ ಹಾಕಿಕೊಳ್ಳುತ್ತ ಅಕ್ಕ ಅತ್ತೆಗೆ ಹೇಳಿದಳು: "ಅತ್ತೆ, ಎದೆಯಾಗೊಂದು ಗಂಟೈತೆ. ಹುಣಸೆ ಬೀಜದಷ್ಟು."

"ನೋಯ್ತೈತಾ?"

"ಇಲ್ಲ."

"ಮತ್ತೇನೇ! ಕರಡಿಗೆ ಬಡಿದು ಬಡಿದು ಗಟ್ಟಿಯಾಗೈತೆ. ದಾರ ಉದ್ದ ಮಾಡ್ಕ."

ದಾರ ಉದ್ದವಾಯಿತು. ಕರಡಿಗೆ ಹೊಕ್ಕುಳ ಹತ್ತಿರಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಬಿಡುವ ಹಾಗಿರಲಿಲ್ಲ. ಗಂಟು ಇದ್ದಲ್ಲೇ ಇತ್ತು. ಬೆಳ್ಳಿ ಭಾರವಾಯಿತೆಂದು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಸಿದರು. ಹುಣಸೆ ಬೀಜ ಅಡಿಕೆಯಷ್ಟಾಯಿತು. ಭಾವ ಒಬ್ಬರೇ ಚಿತ್ರದುರ್ಗಕ್ಕೆ ಹೋಗಿ, ಡಾಕ್ಟರಿಗೆ "ನಮ್ಮನೆಯವ್ರಿಗೆ ಎದೆ ಹತ್ರ ಕರಡಿಗೆ ಉಜ್ಜೈತೆ" ಎಂದು ಹೇಳಿ ಮುಲಾಮು ತಂದರು. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಕಾಯಿಲೆಯನ್ನಷ್ಟೇ ಬಸ್ಸಿನಲ್ಲಿ ಕರೆದೊಯ್ದ ಮನುಷ್ಯ! ದಾರ, ಬಟ್ಟೆ, ಮುಲಾಮು ಎನ್ನುತ್ತಲೇ ಒಂದು ವರ್ಷ ಹೋಯಿತು.

ಒಂದು ಎಣ್ಣೆನೀರಿನ ದಿನ ಅಕ್ಕನ ಬೆನ್ನುಜ್ಜಲು ಹೋದೆ. ಸೆರಗು ಜಾರಿತು. ಎದೆಯ ಚರ್ಮ ನಿಂಬೆ ಸಿಪ್ಪೆಯಂತೆ ಕುಳಿ ಬಿದ್ದಿತ್ತು, ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಮಾರನೆಯ ದಿನ ಯಾರನ್ನೂ ಕೇಳದೆ ಅವಳನ್ನು ಚಿತ್ರದುರ್ಗದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಕಂಕುಳಿನವರೆಗೂ ಒತ್ತಿ ನೋಡಿದರು. ಅವರ ಮುಖದಲ್ಲಿದ್ದ ನಗು ಹೋಯಿತು.

"ಇಷ್ಟು ದಿನ ಏನ್ ಮಾಡ್ತಿದ್ರಮ್ಮ?"

"ನೋವಿರ್ಲಿಲ್ಲ. ಕರಡಿಗೆ ಒತ್ತಿ ಆಗೈತೆ ಅಂದ್ರು."

"ಕರಡಿಗೆ ಒತ್ತಿದ್ರೆ ಇದು ಬರಲ್ಲ. ನೋವಿಲ್ದಿರೋ ಗಂಟನ್ನೇ ಮೊದ್ಲು ತೋರಿಸ್ಬೇಕು. ತಾಯಿ ಕಡೆ ಯಾರಿಗಾದ್ರೂ ಇತ್ತಾ?"

ಅಕ್ಕ ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. "ನಮ್ಮವ್ವನಿಗೆ. ಹುಣ್ಣು ಅಂತಿದ್ರು. ಹೇಳಿದ್ರೆ ನಮಗೆ ಗಂಡು ಸಿಗಲ್ಲ ಅಂತ ಬಾಯಿ ಮುಚ್ಚಿಸಿದ್ರು."

"ಮಗಳಿದ್ದಾಳಾ?"

"ಹತ್ತೊಂಬತ್ತು ತುಂಬೈತ್ರಿ."

"ಅವಳ ಹತ್ರ ಮುಚ್ಚಿಡಬೇಡಿ. ಬಂದೇ ಬರುತ್ತೆ ಅಂತಲ್ಲ. ಆದ್ರೆ ಬೇರೆಯವ್ರಿಗಿಂತ ಅವಳು ಹುಷಾರಾಗಿರ್ಬೇಕು. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ, ಕೈಯಾಡಿಸಿ ನೋಡ್ಕೊಳ್ಳಲಿ. ಏನಾದ್ರೂ ಬದಲಾದ್ರೆ ಅವತ್ತೇ ಬರಲಿ."

ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದೆವು. ಅಷ್ಟರಲ್ಲಿ ಅದು ಕಂಕುಳಿಗೂ ಇಳಿದು, ಮೈಯ ಬೇರೆ ಕಡೆಗೂ ಹರಡಿತ್ತು. ಮರುವರ್ಷದ ಯುಗಾದಿಗೆ ಅಕ್ಕ ಇರಲಿಲ್ಲ.

"ಶಿವ ಕರ್ಕಂಡ" ಎಂದರು ಅತ್ತೆ. ಶಿವನಲ್ಲ, ನಾವು ಕಳಿಸಿದ್ದು ಎಂದುಕೊಂಡೆ. ಅವರು ಕೆಟ್ಟವರಲ್ಲ, ಅಕ್ಕನ ಹಾಸಿಗೆಯ ಪಕ್ಕದಲ್ಲೇ ತಿಂಗಳುಗಟ್ಟಲೆ ಕುಳಿತವರು. ಆದರೂ ಸಿಟ್ಟು ಇಳಿಯಲಿಲ್ಲ.

ಶಿವಗಣಾರಾಧನೆ ಮುಗಿದ ಮೇಲೆ ಅಕ್ಕನ ಮಗಳನ್ನು ಕೋಣೆಗೆ ಕರೆದು ಚಿಲಕ ಹಾಕಿದೆ. ಅವಳ ಅಜ್ಜಿಯ ವಿಷಯವನ್ನೂ ಅಮ್ಮನದನ್ನೂ ಮುಚ್ಚಿಡದೆ ಹೇಳಿದೆ. ಆಮೇಲೆ ಬೆರಳು ಚಪ್ಪಟೆಯಾಗಿಟ್ಟು, ಕಂಕುಳಿನಿಂದ ಸುತ್ತಿ ಬರುವುದು ಹೇಗೆಂದು ನನ್ನ ರವಿಕೆಯ ಮೇಲೇ ತೋರಿಸಿದೆ.

ಮಾತು ಹೊರಗೆ ಕೇಳಿಸಿರಬೇಕು, ಅತ್ತೆ ಬಾಗಿಲು ಬಡಿದರು. "ಏನೇ ಅದು? ಕಾನ್ವೆಂಟ್‌ನಾಗೆ ಇದನ್ನೇನೇ ಕಲ್ಸಿದ್ದು?"

"ಇಲ್ಲ ಅತ್ತೆ," ಎಂದೆ ಚಿಲಕ ತೆಗೆಯುತ್ತ, ಆ ಮನೆಯಲ್ಲಿ ಮೊದಲ ಸಲ ಗಟ್ಟಿಯಾಗಿ. "ಯಾರೂ ಕಲಿಸ್ಲಿಲ್ಲ. ಒಳಗೆ ಬನ್ನಿ, ನೀವೂ ನೋಡಿ."