ಬಾಗಿಲು ಹೊತ್ತು ಊರು ಬಿಟ್ಟ ಕತೆ

ನಮ್ಮ ಮನೆಯವರೆಲ್ಲ ಒಟ್ಟಾಗಿ ಊರು ಬಿಟ್ಟು ಹೊರಗೆ ಹೋಗಿ ಉಳಿದದ್ದು ಒಂದೇ ಸಲ, ಅದೂ ಒಂದು ಇಲಿ ಸತ್ತದ್ದಕ್ಕೆ. ಆ ಕತೆಯನ್ನು ನಮ್ಮ ದೊಡ್ಡಮ್ಮ ಮುನಿರತ್ನಮ್ಮ ಮೂವತ್ತು ವರ್ಷ ಹೇಳಿ ಜನರನ್ನು ನಗಿಸಿದಳು. ಮದುವೆಮನೆಯಲ್ಲಿ ಹೆಂಗಸರು ಅವರೆಕಾಯಿ ಸುಲಿಯಲು ಕೂತರೆ ಸಾಕು, ಯಾರಾದರೊಬ್ಬರು “ಬಾಗ್ಲು ಕತೆ ಏಳಮ್ಮೋ” ಎನ್ನುತ್ತಿದ್ದರು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಶುರು ಮಾಡುತ್ತಿದ್ದಳು.

“ಗಣಿ ದೊರೆಗಳು ಬಿಸ್ಲು ಬಂದ್ರೆ ಊಟಿಗೆ ಓಗ್ತಾರಂತೆ. ನಾವು ಇಲಿ ಬಿದ್ರೆ ಕೆರೆಯಾಚೆಗೆ!”

ಎಲ್ಲರೂ ನಗುವಾಗ ನಾನು ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದೆ. ಆ ದಿನಗಳಲ್ಲೇ ಇವಳ ಒಬ್ಬನೇ ಮಗ ತೀರಿಕೊಂಡದ್ದು. ಹೆತ್ತ ತಾಯಿ ಅದನ್ನು ಬಾಯಿಗೆ ತಂದುಕೊಂಡು ನಗುವುದೆಂದರೆ ಏನು ಎಂದು ನನಗೆ ಉರಿಯುತ್ತಿತ್ತು. ಉರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಮೂವತ್ತು ವರ್ಷ ನಾನು ಯಾರಿಗೂ ಹೇಳಲಿಲ್ಲ.

ನನ್ನನ್ನು ಹೆತ್ತವಳು ಬಾಣಂತನದಲ್ಲೇ ಹೋದಳು. ಅಪ್ಪ ಇನ್ನೊಂದು ಮದುವೆಯಾಗಿ ಬೂದಿಕೋಟೆಯ ಆಚೆ ಹೆಂಡತಿಯ ಊರು ಸೇರಿದ. ನನಗೆ ಹಾಲು ಅನ್ನ ಎಲ್ಲ ದೊಡ್ಡಮ್ಮನದೇ. ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟ ಮೇಲೆ ಅವಳಿಗೆ ಉಳಿದವನು ಆದಿನಾರಾಯಣ. ನನಗಿಂತ ಎರಡು ವರ್ಷ ಚಿಕ್ಕವನು. ಇಬ್ಬರಿಗೂ ಒಂದೇ ತಟ್ಟೆ, ಒಂದೇ ಕಂಬಳಿ. ದೊಡ್ಡಪ್ಪ ಬಚ್ಚಪ್ಪ ನಂದಿದುರ್ಗ ಎನ್ನುವ ಚಿನ್ನದ ಗಣಿಯಲ್ಲಿ ಕೆಳಗೆ ಇಳಿಯುವ ಕೆಲಸದವನು, ಭಾನುವಾರ ಮಾತ್ರ ಊರಿಗೆ ಬರುತ್ತಿದ್ದ. ಬಂಗಾರಪೇಟೆಯನ್ನು ಆಗ ಬೌರಿಂಗಪೇಟೆ ಎನ್ನುತ್ತಿದ್ದರು. ಅಲ್ಲಿಂದ ಗಣಿಗೆ ಹೋಗುವ ರೈಲಿನಲ್ಲಿ ಒಂದು ಸಲ ಕೂರಿಸುತ್ತೇನೆಂದು ಮದುವೆಯಾದ ಹೊಸತರಲ್ಲಿ ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದನಂತೆ. ಸಾಯುವವರೆಗೂ ಅವಳು ರೈಲು ಹತ್ತಲಿಲ್ಲ.

ನನಗೆ ಎಂಟು ವರ್ಷವಿದ್ದಾಗ ಒಂದು ಬೆಳಿಗ್ಗೆ ನಮ್ಮ ನಡುಮನೆಯ ತೊಲೆಯಿಂದ ಇಲಿಯೊಂದು ಉರುಳಿ ಬಿದ್ದು, ಒದ್ದಾಡಿ ಸತ್ತಿತು. ಹಾಗೆ ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಮಧ್ಯಾಹ್ನದೊಳಗೆ ತಮಟೆ ಹೊಡೆದು ಸಾರಿದರು. ಎಲ್ಲರೂ ಮನೆ ಬಿಟ್ಟು ಕೆರೆಯಾಚೆ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಮತ್ತೆ ಹೇಳುವವರೆಗೆ ಯಾರೂ ಮನೆಯೊಳಗೆ ಕಾಲಿಡಬಾರದು, ಇಲಿಯ ಮೈಯಿಂದ ಇಳಿದ ಚಿಗಟ ಕಚ್ಚಿದರೆ ಮುಗಿಯಿತು.

ಉಳಿದವರು ಬೀಗ ಹಾಕಿ ಹೊರಟರು. ನಮ್ಮ ತಾತ ದೊಡ್ಡವೆಂಕಟಪ್ಪ ಮಾತ್ರ ಮುಂಬಾಗಿಲನ್ನೇ ಕಳಚತೊಡಗಿದ. ಅವನ ತಂದೆ ಮಾಡಿಸಿದ ಹಲಸಿನ ಮರದ ಬಾಗಿಲು ಅದು. ಗಣಿಗೆ ಎಷ್ಟು ಮರ ಕೊಟ್ಟರೂ ಸಾಲದೆಂದು ಜನ ಕಂಡ ಕಂಡ ಮರ ಕದಿಯುತ್ತಿದ್ದ ಕಾಲ. ದೊಡ್ಡಮ್ಮ ಬೇಡವೆಂದಳು.

“ಮಾವ, ಬಾಗ್ಲಿಲ್ದಿದ್ರೆ ಕಳ್ರು ನೆಟ್ಟಗೆ ಒಳಕ್ಕೇ ಬತ್ತಾರಲ್ಲ!”

“ನಿಂಗೇನ್ ಗೊತ್ತು? ಬೀಗ ಇದ್ರೆ ಒಳಗೇನೋ ಐತೆ ಅಂತಾನೆ ಕಳ್ಳ. ಬಾಗ್ಲೇ ಇಲ್ದಿದ್ರೆ, ಥೂ ಏನೂ ಇಲ್ಲ ಅಂತ ಮುಂದಿನ ಮನೆಗೋಗ್ತಾನೆ.”

ಗಾಡಿಯಲ್ಲಿ ರಾಗಿ ಮೂಟೆ, ಅದರ ಮೇಲೆ ಬಾಗಿಲು, ಬಾಗಿಲ ಮೇಲೆ ತಾತ, ತಾತನ ಮಡಿಲಲ್ಲಿ ಕೋಳಿ. ಕೆರೆ ಏರಿಯ ಇಳಿಜಾರಿನಲ್ಲಿ ಗಾಡಿ ಒಂದು ಕಡೆ ವಾಲಿತು. ಬಾಗಿಲು ತಾತನನ್ನು ಕೂರಿಸಿಕೊಂಡೇ ಜಾರಿ ಕೆಳಗಿನ ಗದ್ದೆಯ ಕೆಸರಿಗೆ ಹೋಗಿ ನಿಂತಿತು. ತಾತ ಕೋಳಿಯನ್ನೂ ಬಿಡಲಿಲ್ಲ, ಬಾಗಿಲನ್ನೂ ಬಿಡಲಿಲ್ಲ. ಸಾವಿಗೆ ಹೆದರಿ ಗಂಟುಮೂಟೆ ಹೊತ್ತು ಓಡುತ್ತಿದ್ದ ಊರು ಅಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈ ಜಾಗ ಬಂದಾಗ ದೊಡ್ಡಮ್ಮ ಎರಡು ಕೈಯಲ್ಲೂ ಇಲ್ಲದ ಕೋಳಿಯನ್ನು ತಬ್ಬಿಕೊಂಡು ಕೂತಲ್ಲೇ ಜಾರಿ ತೋರಿಸುತ್ತಿದ್ದಳು.

ಗುಡಿಸಲಿನಲ್ಲಿ ನಾಲ್ಕು ಕಲ್ಲಿಟ್ಟು ಬಾಗಿಲನ್ನು ಮಂಚ ಮಾಡಿದೆವು. ಒಂದು ತುದಿಯಲ್ಲಿ ತಾತ, ಇನ್ನೊಂದು ತುದಿಯಲ್ಲಿ ನಾನು, ಆದಿ. ಬೆಳಿಗ್ಗೆ ದೊಡ್ಡಮ್ಮ ಕಣ್ಣು ಮಿಟುಕಿಸಿದರೆ ಆದಿ ಮಲಗಿದ್ದಲ್ಲೇ ಹಲಗೆ ತಟ್ಟುತ್ತಿದ್ದ.

“ತಾತಾ, ಬಾಗ್ಲು ತೆಗೀ!”

“ಬಂದೆ ಇರ್ಲಾ,” ಎಂದು ತಾತ ನಿದ್ದೆಗಣ್ಣಿನಲ್ಲಿ ಎದ್ದು ಬಾಗಿಲು ಹುಡುಕುತ್ತಿದ್ದ. ಅದು ಅವನ ಕೆಳಗೇ ಇರುತ್ತಿತ್ತು. ದೊಡ್ಡಮ್ಮನ ಕತೆ ಯಾವಾಗಲೂ ಇಲ್ಲಿಗೇ ಮುಗಿಯುತ್ತಿತ್ತು. ಅವಳು ಮುಂದಕ್ಕೆ ಹೋದದ್ದನ್ನು ನಾನು ಕೇಳಿಲ್ಲ.

ಮುಂದಿನದನ್ನು ನಾನು ಹೇಳುತ್ತೇನೆ. ನಮಗೆ ಮಕ್ಕಳಿಗೆ ಅದು ನಿಜವಾಗಿಯೂ ಹಬ್ಬವೇ ಆಗಿತ್ತು. ಕಸ ಗುಡಿಸುವ ಹಾಗಿಲ್ಲ, ಸಗಣಿ ಸಾರಿಸುವ ಹಾಗಿಲ್ಲ, ದಿನವಿಡೀ ಹೊಂಗೆ ಮರದ ಕೆಳಗೆ ಚೌಕಾಬಾರ. ಪ್ಲೇಗಿನ ಊರಿನವರನ್ನು ಮುಟ್ಟಿ ಬಂದರೆ ಗಣಿಯ ಕಡೆ ಬಿಡುತ್ತಿರಲಿಲ್ಲವಾದ್ದರಿಂದ ದೊಡ್ಡಪ್ಪ ಭಾನುವಾರ ಬಂದು ಕೆರೆ ಏರಿಯ ಮೇಲೆ ನಿಂತು ಕೂಗುತ್ತಿದ್ದ, ದೊಡ್ಡಮ್ಮ ಈಚೆಯಿಂದ ಕೂಗುತ್ತಿದ್ದಳು. ಗಂಡ ಹೆಂಡಿರ ಮಾತಿಗೆ ಇಡೀ ಹೊಲ ನಡುನಡುವೆ ಬಾಯಿ ಹಾಕುತ್ತಿತ್ತು. ಅವನು ಕಡಲೆಪುರಿಯ ಗಂಟನ್ನು ಒಂದು ಬಂಡೆಯ ಮೇಲಿಟ್ಟು ದೂರ ಸರಿದ ಮೇಲೆ ನಾವು ಓಡಿಹೋಗಿ ತರುತ್ತಿದ್ದೆವು.

ಚೌಕಾಬಾರಕ್ಕೆ ಹುಣಸೆಬೀಜ ಒಡೆದು ಕವಡೆಯ ಬದಲು ಇಟ್ಟುಕೊಂಡಿದ್ದೆವು. ಒಂದು ದಿನ ನಾನು ಐದು ಆಟ ಸೋತೆ. ನನಗೆ ಸೋಲೆಂದರೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಬೀಜದ್ದೇ ಮೋಸ, ನಮ್ಮ ಮನೆಯ ಕವಡೆಯೇ ಬೇಕು ಎಂದು ಹಟ ಹಿಡಿದೆ. ಕವಡೆ ರಾಗಿ ತುಂಬಿಡುವ ಮಣ್ಣಿನ ವಾಡೆಯ ಮೇಲಿನ ಗೂಡಿನಲ್ಲಿದ್ದವು.

“ಓಗ್ಲಾ, ಬಾಗ್ಲೇ ಇಲ್ವಲ್ಲ, ನುಗ್ಗಿ ಎತ್ಕಂಡ್ ಬಂದ್ಬುಡು. ನಾನು ಏರಿ ಮೇಲೆ ಕಾಯ್ತೀನಿ,” ಎಂದೆ ಆದಿಗೆ.

ನಾನೇ ಹೋಗಬಹುದಿತ್ತು. ಹೆದರಿಕೆ ಆಗಿತ್ತು, ಅದಕ್ಕೇ ಅವನನ್ನು ಕಳಿಸಿದೆ. ಬೇರೆ ಮನೆಗಳಿಗೆಲ್ಲ ಬೀಗವಿತ್ತು. ನಮ್ಮದೊಂದೇ ಬಾಯಿ ತೆರೆದುಕೊಂಡು ಕೂತಿತ್ತು. ಆದಿ ನಾಲ್ಕು ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು ಕುಣಿಯುತ್ತಾ ಬಂದ, ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದ. “ಬರೀ ಚಿಗಟ ಕಣೇ ಅಕ್ಕ,” ಎಂದ. ಕೆರೆಯಲ್ಲಿ ಕಾಲು ತೊಳೆಸಿ ಕರೆದುಕೊಂಡು ಬಂದೆ. ಆ ಸಂಜೆ ನಾನೇ ಗೆದ್ದೆ.

ನಾಲ್ಕನೆಯ ದಿನ ಅವನಿಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಅಕ್ಕಪಕ್ಕದವರು ತಮ್ಮ ಗುಡಿಸಲು ಕಿತ್ತು ದೂರ ಹಾಕಿಕೊಂಡರು. ತಾತ ಕೆಳಗೆ ಮಲಗಿ ಬಾಗಿಲನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟ. ಆದಿ ಸುಡುವ ಮೈಯಲ್ಲಿ ಕಣ್ಣು ಮುಚ್ಚಿಕೊಂಡೇ ಹಲಗೆ ತಟ್ಟುತ್ತಿದ್ದ. ಅವನು ತಟ್ಟಿದಾಗಲೆಲ್ಲ ತಾತ “ಬಂದೆ ಇರ್ಲಾ, ಬಂದೆ,” ಎನ್ನುತ್ತಿದ್ದ. ಶುಕ್ರವಾರ ಮಧ್ಯಾಹ್ನ ತಟ್ಟುವುದು ನಿಂತಿತು.

ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಹೊರಲು ಯಾರೂ ಹತ್ತಿರ ಬರಲಿಲ್ಲ. ಮಲಗಿದ್ದ ಬಾಗಿಲ ಸಮೇತ ಮುಂದೆ ತಾತ ಹಿಡಿದ, ಹಿಂದೆ ದೊಡ್ಡಮ್ಮ ಹಿಡಿದಳು. ಅಷ್ಟು ದೊಡ್ಡ ಬಾಗಿಲ ಮೇಲೆ ಅವನು ಒಂದು ಮೂಲೆಗೂ ಸಾಲುತ್ತಿರಲಿಲ್ಲ.

ಭಾನುವಾರ ದೊಡ್ಡಪ್ಪ ಏರಿಯ ಮೇಲೆ ಬಂದು ನಿಂತ.

“ಆದಿ ಎಲ್ಲೇ? ಕಾಣ್ಸಾಕಿಲ್ಲ!”

ಹೊಲದಲ್ಲಿ ಒಬ್ಬರೂ ಬಾಯಿ ಹಾಕಲಿಲ್ಲ. ದೊಡ್ಡಮ್ಮ ಎರಡು ಕೈಯನ್ನೂ ಬಾಯಿಯ ಇಕ್ಕೆಲಕ್ಕೆ ಹಿಡಿದು ಕೂಗಿದಳು.

“ಮಲ್ಗವ್ನೆ! ಆಟ ಆಡಿ ಆಡಿ ಮಲ್ಗವ್ನೆ!”

ನಿಜ ಹೇಳಿದ್ದರೆ ಅವನು ಇಳಿದು ಓಡಿಬರುತ್ತಿದ್ದ, ಪ್ಲೇಗಿನ ಗುಡಿಸಲಿಗೇ. ಅವನಾದರೂ ಉಳಿಯಲಿ ಎಂದು ಅವಳು ಹಾಗೆ ಮಾಡಿದಳು. ದೊಡ್ಡಪ್ಪ ಕಡಲೆಪುರಿ ಇಟ್ಟು ಹೋದ. ಅವಳೇ ಹೋಗಿ ಆ ಗಂಟು ತಂದು ನನ್ನ ಕೈಗೆ ಕೊಟ್ಟು ತಿನ್ನು ಎಂದಳು. ತಿಂದೆ. ಅಂದೇ ನಾನು ಬಾಯಿ ಬಿಡಲು ಹೊರಟಿದ್ದೆ. “ದೊಡ್ಡಮ್ಮ,” ಎಂದೆ. ಅವಳು ತಟಕ್ಕನೆ, “ತಾತ ಗದ್ದೆಗೆ ಜಾರಿದ್ದು ಗೆಪ್ತಿ ಐತೇನೇ ನಿಂಗೆ?” ಎಂದು ಜೋರಾಗಿ ನಕ್ಕಳು. ಮೊದಲ ಸಲ ಆ ಕತೆ ಹೇಳಿದ್ದು ಅವತ್ತೇ. ನನಗೆ ಅವಳ ಮೇಲೆ ಹೇಸಿಗೆಯಾಯಿತು.

ಎರಡು ತಿಂಗಳ ಮೇಲೆ ಮನೆಗೆ ಹಿಂದಿರುಗಿದೆವು. ಅಷ್ಟು ಭಾನುವಾರಗಳಲ್ಲೂ ಏನೋ ಒಂದು ನೆಪ ಕೂಗಿ ಕಳಿಸಿದ್ದ ಅವಳು ದೊಡ್ಡಪ್ಪನಿಗೆ ವಿಷಯ ಹೇಳಿದ್ದು ಆಗಲೇ. ಅವನು ಇನ್ನೂ ಹದಿನೆಂಟು ವರ್ಷ ಗಣಿಗೆ ಇಳಿದ. ಭಾನುವಾರ ಬಂದರೂ ಹೆಂಡತಿಯೊಡನೆ ಹೆಚ್ಚು ಮಾತಾಡದೆ ಕೊನೆಗೆ ಎದೆಯ ಕೆಮ್ಮಿನಿಂದ ಸತ್ತ. ತಾತ ಅದೇ ಬಾಗಿಲನ್ನು ತೊಳೆದು ಮತ್ತೆ ಅದೇ ಜಾಗಕ್ಕೆ ಕೂರಿಸಿದ. ಬೇರೆ ಬಾಗಿಲು ಎಲ್ಲಿಂದ ತರುವುದು? ನಾನು ಮದುವೆಯಾಗಿ ಹೋಗುವವರೆಗೆ ದಿನವೂ ಅದನ್ನು ತೆಗೆದು ಹಾಕಿ ಮಾಡಿದೆ.

ನನ್ನ ಮಗಳ ಮದುವೆಯ ಹಿಂದಿನ ದಿನ ಹೆಂಗಸರು ಮತ್ತೆ ಕತೆ ಕೇಳಿದರು. ದೊಡ್ಡಮ್ಮನಿಗೆ ಎಪ್ಪತ್ತರ ಹತ್ತಿರ, ಆದರೂ ಕೋಳಿ ತಬ್ಬಿ ಜಾರಿ ತೋರಿಸಿದಳು. ನನಗೆ ತಡೆಯಲಾಗಲಿಲ್ಲ. ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕವಡೆ ತರಲು ಆದಿಯನ್ನು ಮನೆಯೊಳಗೆ ಕಳಿಸಿದ್ದು ನಾನೇ ಎಂದುಬಿಟ್ಟೆ. ಮೂವತ್ತು ವರ್ಷದ್ದು ಒಂದೇ ಉಸಿರಿಗೆ ಹೊರಗೆ ಬಿತ್ತು. ನಾನು ಅತ್ತುಬಿಟ್ಟೆ.

ಅವಳು ಅಳಲಿಲ್ಲ.

“ಗೊತ್ತು ಕಣೇ. ಗುಡಿಸ್ಲಲ್ಲಿ ಕವ್ಡೆ ಎಲ್ಲಿಂದ ಬತ್ತವೆ? ಜ್ವರ ಬಂದ್ ದಿನಾನೇ ಕಂಡೆ. ನೀ ಓಗು ಅಂದ್ರೇನೇ ಅವ್ನು ಓಗೋದು. ನಾನೇ ಆ ಕವ್ಡೆನ ಕೆರೆಗೆ ಎಸ್ದೆ.”

“ಮತ್ತೆ ಯಾಕೆ ಒಂದು ಮಾತೂ ಅನ್ಲಿಲ್ಲ?”

“ನೀನೂ ನನ್ ಮಗೀನೇ ಅಲ್ವ? ನೀನು ಬಾಯಿ ಬಿಟ್ಟು ಏಳ್ಬುಟ್ರೆ ನಿನ್ ಮೊಕ ನೋಡಾಕೆ ನಂಗಾಗ್ತಾ ಇರ್ಲಿಲ್ಲ. ಅದ್ಕೇ ನೀ ಬಾಯಿ ತೆಗ್ಯಾಕ್ ಮುಂಚೆ ನಾನು ನಗ್ಸಾಕ್ ಸುರು ಮಾಡ್ತಿದ್ದೆ.” ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟು, “ಇವತ್ತು ಏಳ್ಬುಟ್ಯಲ್ಲ,” ಎಂದಳು.

ಆಮೇಲೆ ನಾಲ್ಕು ವರ್ಷ ಬದುಕಿದ್ದಳು. ಸೀಮಂತ, ನಾಮಕರಣ ಎಷ್ಟೋ ಬಂದವು. ಜನ ಬಾಗಿಲ ಕತೆ ಕೇಳಿದಾಗಲೆಲ್ಲ “ಮರ್ತೋಯ್ತು ಕಣ್ರಮ್ಮ” ಎನ್ನುತ್ತಿದ್ದಳು. ನನ್ನ ಮನಸ್ಸು ಹಗುರವಾಗಲೆಂದು ಅವಳಿಗಿದ್ದ ಒಂದೇ ನಗುವನ್ನೂ ನಾನು ಕಿತ್ತುಕೊಂಡೆ. ನನ್ನೊಡನೆ ಮಾತು ಬಿಡಲಿಲ್ಲ, ಬಂದರೆ ಊಟಕ್ಕಿಕ್ಕುತ್ತಿದ್ದಳು. ಇಕ್ಕುವಾಗ ತಟ್ಟೆಯನ್ನಷ್ಟೇ ನೋಡುತ್ತಿದ್ದಳು.