ದೇವರ ಪಾಲಾಗುತ್ತಿದ್ದ ಐರಿಸ್

ನಮ್ಮ ಅತ್ತೆಯವರ ಪ್ರಕಾರ ಯಾರ ಬೇಲಿಯ ಹೂವಾದರೂ ಅದು ದೇವರದ್ದೇ. ಮಂಡ್ಯದಿಂದ ಆರು ತಿಂಗಳ ಮಟ್ಟಿಗೆ ಬಂದಿಳಿದ ಮೂರನೇ ದಿನಕ್ಕೇ, ಯೂನಿಯನ್ ಸಿಟಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಗುಲಾಬಿ ಎಷ್ಟು ಹೊತ್ತಿಗೆ ಅರಳುತ್ತದೆ, ಯಾರ ಮನೆಯಲ್ಲಿ ನಾಯಿಯಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

"ಇಲ್ಲಿ ಹಾಗೆಲ್ಲ ಕೀಳಬಾರದು ಅತ್ತೆ. ಎಲ್ಲರ ಮನೆ ಬಾಗಿಲಲ್ಲೂ ಕ್ಯಾಮೆರಾ ಇರುತ್ತೆ."

"ಇರ್ಲಿ ಬುಡವ್ವ. ನಾನೇನು ಮುಡ್ಕೊಳಕ್ಕೆ ಕೀಳ್ತೀನಾ? ದೇವರಿಗೆ ತಾನೆ."

ಕ್ಯಾಮೆರಾದವರಿಗೆ ಈ ವಾದವನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ನನಗಂತೂ ಗೊತ್ತಿರಲಿಲ್ಲ. ಕೊನೆಗೆ, ಹೋಗಲಿ, ವಾಕಿಂಗನ್ನಾದರೂ ಬೀದಿ ಬಿಟ್ಟು ಮನೆಯ ಹಿಂದಿನ ಕಾಲುವೆ ದಾರಿಯಲ್ಲಿ ಮಾಡಿ ಎಂದು ಕೈಮುಗಿದೆ. ಅಲ್ಲಿ ಬರೀ ಜೌಗು, ಹುಲ್ಲು, ನೀರುಹಕ್ಕಿ. ಕೀಳಲು ಏನಿದೆ ಅಲ್ಲಿ ಎಂದುಕೊಂಡೆ.

ಆ ವರ್ಷ ನನಗೂ ಒಂದು ಹುಚ್ಚು ಹಿಡಿದಿತ್ತು. ವಾರವಿಡೀ ಸೇತುವೆ ದಾಟಿ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಸ್ಕ್ರೀನು ನೋಡುವವಳು, ಶನಿವಾರ ಬಂತೆಂದರೆ ಮೊಣಕಾಲುದ್ದದ ಬೂಟು ಹಾಕಿಕೊಂಡು ಅದೇ ಜೌಗಿನಲ್ಲಿ ಕಳೆ ಕೀಳಲು ಹೋಗುತ್ತಿದ್ದೆ. ಹತ್ತು ಹನ್ನೆರಡು ಜನರ ಸಣ್ಣ ಗುಂಪು ನಮ್ಮದು. ನಿವೃತ್ತ ಶಾಲಾ ಟೀಚರೊಬ್ಬರು ಅದರ ಮುಖ್ಯಸ್ಥೆ. ಹೊರಗಿನಿಂದ ಬಂದು ಸೇರಿಕೊಂಡ ಗಿಡಗಳನ್ನು ಬುಡಸಮೇತ ಕಿತ್ತು, ಈ ನೆಲದ ಗಿಡಗಳನ್ನು ಉಳಿಸುವುದು ನಮ್ಮ ಕೆಲಸ. ಅತ್ತೆಗೆ ಇದು ಮಹಾ ತಮಾಷೆ. "ಊರಲ್ಲಿ ಗದ್ದೆ ತಾವ ಬಾ ಅಂದ್ರೆ ಸೊಂಟನೋವು ಅಂತಿದ್ಲು. ಇಲ್ಲಿ ಪುಕ್ಸಟ್ಟೆ ಕಳೆ ಕೀಳ್ತಾಳೆ" ಎಂದು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬೀಳುತ್ತಿತ್ತು. ಬೀಳಲಿ ಎಂದೇ ಹೇಳುತ್ತಿದ್ದದ್ದು.

ಕಾಲುವೆಯ ತಿರುವಿನಲ್ಲಿ ಕತ್ತಿಯಂಥ ಎಲೆಗಳ ಒಂದು ಹಿಂಡಿಲು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಐರಿಸ್ ಎಂಬ ಹೂವಿನ ಗಿಡ ಎಂಬುದರಲ್ಲಿ ಅನುಮಾನವಿರಲಿಲ್ಲ. ಯಾವ ಐರಿಸ್ ಎಂಬುದೇ ಪ್ರಶ್ನೆ. ನಮ್ಮ ಜೌಗುಗಳಲ್ಲಿ ಹಳದಿ ಹೂವಿನ ಪರದೇಶಿ ಐರಿಸ್ ಒಂದಿದೆ. ಒಮ್ಮೆ ಬೇರು ಬಿಟ್ಟರೆ ಬೇರೆ ಯಾವುದಕ್ಕೂ ಜಾಗ ಕೊಡುವುದಿಲ್ಲ. ಈ ನೆಲದ್ದೇ ಆದ ಇನ್ನೊಂದು, ತಿಳಿನೇರಳೆಯ ಹೂವಿಗೆ ಕಡುನೇರಳೆಯ ಗೆರೆಗಳಿರುವುದು, ಈಗ ಅಪರೂಪ. ನನ್ನದು ಆ ಅಪರೂಪದ್ದೇ ಎಂದು ನಾನು ಪಟ್ಟು ಹಿಡಿದೆ. ಹಳದಿಯದರ ಎಲೆಗೆ ನಡುವೆ ಉಬ್ಬಿದ ನರವಿರುತ್ತದೆ, ಇದಕ್ಕಿಲ್ಲ ನೋಡಿ ಎಂದೆ. ಮುಖ್ಯಸ್ಥೆ ಎಲೆಯನ್ನು ಬೆರಳಿನಲ್ಲಿ ಸವರಿ, "ಎಳೆ ಎಲೆ ನಂಬಿ ನಾನು ಏನನ್ನೂ ಹೇಳುವುದಿಲ್ಲ. ಹೂವು ತೋರಿಸು. ಏಪ್ರಿಲ್ ತಿಂಗಳ ಕೊನೆಯ ಶನಿವಾರದೊಳಗೆ ಹೂವು ಕಾಣದಿದ್ದರೆ ಅಗೆದು ತೆಗೆಯುತ್ತೇವೆ. ಹಳದಿಯದಾಗಿದ್ದು ಬೀಜ ಕಟ್ಟಿತೆಂದರೆ ಆಮೇಲೆ ನಮ್ಮ ಕೈಮೀರುತ್ತದೆ" ಎಂದರು.

ಗಿಡ ಉಳಿಯಬೇಕು ಎಂಬುದು ನನ್ನ ಆಸೆ. ನಿಜ ಹೇಳಬೇಕೆಂದರೆ, ಅದರ ಹಿಂದೆ ಇನ್ನೊಂದು ಆಸೆಯಿತ್ತು. ಅಪರೂಪದ ಗಿಡ ಅರಳಿದ್ದನ್ನು ಮೊದಲು ನೋಡಿದವರ ಹೆಸರನ್ನು ಗುಂಪಿನ ಪುಸ್ತಕದಲ್ಲಿ ಬರೆಯುವ ಪದ್ಧತಿಯಿತ್ತು. ಆ ಸಾಲಿನಲ್ಲಿ ನನ್ನ ಹೆಸರನ್ನು ನಾನು ಮನಸ್ಸಿನಲ್ಲೇ ಎಷ್ಟೋ ಸಲ ಬರೆದು ನೋಡಿದ್ದೆ.

ಆಫೀಸು ಮುಗಿಸಿ, ಫ್ರೀವೇ ಟ್ರಾಫಿಕ್ಕಿನಲ್ಲಿ ನುಗ್ಗಿ, ದಿನಾ ಸಂಜೆ ಕಾಲುವೆಗೆ ಓಡುತ್ತಿದ್ದೆ. ಒಂದು ಕಾಂಡ ಎದ್ದಿತು. ಮೊಗ್ಗು ಕಂಡಿತು. ನನಗೋ ಖುಷಿಯೋ ಖುಷಿ. ಆಮೇಲೆ ಏನಾಯಿತೋ, ಹೂವೇ ಇಲ್ಲ. ಇಂದು ದಪ್ಪಗಿದ್ದ ಮೊಗ್ಗು ನಾಳೆ ಸಂಜೆ ಮಾಯ. ಜಿಂಕೆ ಇರಬೇಕು, ಬಸವನಹುಳು ಇರಬೇಕು ಎಂದು ಇಂಟರ್ನೆಟ್ಟನ್ನೆಲ್ಲ ಜಾಲಾಡಿದೆ. ಒಂದು ದಿನ ಊಟದ ಹೊತ್ತಿಗೆ ಕಣ್ಣಲ್ಲಿ ನೀರೇ ಬಂತು. ಅತ್ತೆ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, "ಒಂದು ಗಿಡಕ್ಕೆ ಇಷ್ಟೊಂದು ಕೊರಗ್ತಾರಾ ಮಗಾ?" ಎಂದರು. ಯಾವ ಗಿಡ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಡುವಿನ ಹಿಂದಿನ ದಿನ, ಶುಕ್ರವಾರ ಸಂಜೆ. ಅತ್ತೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು. "ಕೈಯೆಲ್ಲ ಹಿಟ್ಟಾಗದೆ. ವಸಿ ದೇವರಿಗೆ ದೀಪ ಹಚ್ಚವ್ವ" ಎಂದರು. ನಾನು ದೇವರ ಗೂಡಿನ ಮುಂದೆ ನಿಂತು ಎಷ್ಟು ವಾರಗಳಾಗಿತ್ತೋ ಆ ದೇವರಿಗೇ ಗೊತ್ತು. ಬೆಂಕಿಕಡ್ಡಿ ಗೀರಿ ತಲೆಯೆತ್ತಿದರೆ, ವೆಂಕಟರಮಣನ ಫೋಟೊದ ಮೇಲೆ ತಿಳಿನೇರಳೆಯ ಹೂವು. ಮೂರು ಎಸಳು ಕೆಳಗೆ ಬಾಗಿದ್ದವು, ಮೈತುಂಬ ಕಡುನೇರಳೆಯ ಗೆರೆ. ಕಡ್ಡಿ ಬೆರಳು ಸುಟ್ಟಿತು.

"ಅತ್ತೇ! ಈ ಹೂವು ಎಲ್ಲಿಂದ ತಂದ್ರಿ?"

"ಕಾಲುವೆ ತಾವ ಇತ್ತು. ಬೆಳಗ್ಗೆ ಬೆಳಗ್ಗೆನೇ ಒಂದು ಹೂ ಬುಟ್ಟಿರ್ತದೆ. ಅದೇ ಕಡ್ಡೀಲಿ ಒಂದಾದ್ಮೇಲೆ ಒಂದು. ನೀನೇ ತಾನೆ ಆ ಕಡೆ ಹೋಗಿ ಅಂದೋಳು?"

ಜಿಂಕೆಯೂ ಇಲ್ಲ, ಹುಳುವೂ ಇಲ್ಲ! ನಾನು ಸಂಜೆಯ ಮಬ್ಬಿನಲ್ಲಿ ಟಾರ್ಚು ಹಿಡಿದು ಹುಡುಕುತ್ತಿದ್ದ ಹೂವು ಬೆಳಗಿನಿಂದ ನನ್ನ ಮನೆಯೊಳಗೇ ಕೂತಿತ್ತು. ಕೋಪ ನೆತ್ತಿಗೇರಿತು. ಅಪರೂಪದ ಗಿಡ, ಕೀಳಬಾರದ ಜಾಗ, ನಾಳೆ ಅಗೆದುಬಿಡುತ್ತಾರೆ ಎಂದು ಒಂದೇ ಉಸಿರಿಗೆ ಕೂಗಾಡಿದೆ. ಅತ್ತೆ ರೊಟ್ಟಿ ತಿರುವಿ ಹಾಕಿ, ಕೈ ತೊಳೆದು, ಬಾಲ್ಕನಿಗೆ ಹೋಗಿ ಒಂದು ಖಾಲಿ ಮೊಸರಿನ ಡಬ್ಬ ತಂದರು. ದೇವರ ಮೇಲಿಂದ ಇಳಿಸಿದ ಹೂವನ್ನು ಅವರು ಕಸಕ್ಕೆ ಹಾಕುವವರಲ್ಲ. ಯಾರೂ ತುಳಿಯದ ಕಡೆ ಸುರಿಯಬೇಕೆಂದು ಕೂಡಿಟ್ಟಿದ್ದರು. ಒಣಗಿದ ಗುಲಾಬಿ, ನಿಂಬೆ ಹೂವಿನ ನಡುವೆ ಸುರುಟಿಕೊಂಡ ನಾಲ್ಕು ಐರಿಸ್.

"ತಗೋ, ಎಲ್ಲ ಇಲ್ಲೇ ಅವೆ" ಎಂದರು, ಸಣ್ಣ ದನಿಯಲ್ಲಿ. "ಇನ್ನೊಂದು ಮೊಗ್ಗದೆ. ನಾಳೆ ಬುಡ್ತದೆ."

"ಅದನ್ನಾದ್ರೂ ಕೀಳಬೇಡಿ ಅತ್ತೆ, ದಮ್ಮಯ್ಯ."

ಅವರು ಒಲೆಯ ಕಡೆ ತಿರುಗಿ ಮುಂದಿನ ರೊಟ್ಟಿ ತಟ್ಟತೊಡಗಿದರು.

ಶನಿವಾರ ಬೆಳಗ್ಗೆ ನಾನು ಎದ್ದಾಗ ಅತ್ತೆಯ ಕೋಣೆ ಖಾಲಿ. ಬಾಗಿಲಲ್ಲಿ ಚಪ್ಪಲಿಯೂ ಇರಲಿಲ್ಲ. ಅಭ್ಯಾಸಬಲ, ಹೋಯಿತು ನನ್ನ ಗಿಡ ಎಂದುಕೊಂಡು ನೈಟಿಯ ಮೇಲೆ ಜಾಕೆಟ್ ಸಿಕ್ಕಿಸಿ, ಸಾಕ್ಷಿಗಾದರೂ ಇರಲಿ ಎಂದು ಮೊಸರಿನ ಡಬ್ಬ ಹಿಡಿದು ಓಡಿದೆ. ಬಾಯಿಗೆ ಬಂದದ್ದನ್ನೆಲ್ಲ ದಾರಿಯುದ್ದಕ್ಕೂ ಗೊಣಗಿದೆ.

ತಿರುವಿನಲ್ಲಿ ಅತ್ತೆ ನಿಂತಿದ್ದರು. ಸ್ವೆಟರು, ಕಿವಿಗೆ ಮಫ್ಲರು, ಕೈಯಲ್ಲಿ ಮಡಿಸಿದ ಕೊಡೆ. ಅವರ ಹಿಂದೆ ಹೂವು ಕಾಂಡದ ಮೇಲೇ ಅರಳಿತ್ತು. ಪ್ಲಾಸ್ಟಿಕ್ ಕವರು ಹಿಡಿದು ವಾಕಿಂಗ್ ಬಂದಿದ್ದ, ನಮ್ಮ ಕಡೆಯವರೇ ಆದ ಯಜಮಾನರೊಬ್ಬರನ್ನು ಅವರು ಗದರುತ್ತಿದ್ದರು. "ಮುಟ್ಟಬೇಡಿ ಸ್ವಾಮಿ! ಇದು ದೇವರಿಗಲ್ಲ. ನನ್ನ ಸೊಸೇದು!"

ಯಜಮಾನರು ದಡದಡ ನಡೆದುಬಿಟ್ಟರು. ನನಗೆ ನಾಚಿಕೆಯಾಯಿತು.

"ಪೂಜೆ?" ಎಂದೆ.

"ಅಕ್ಷತೆ ಹಾಕ್ಬಂದೆ. ಒಂದಿನ ಹೂವಿಲ್ಲ ಅಂತ ಮುನಿಸ್ಕಳೋ ದೇವರಾ ಅವ್ನು?"

ಒಂಬತ್ತಕ್ಕೆ ಸರಿಯಾಗಿ ಮುಖ್ಯಸ್ಥೆ ಗುದ್ದಲಿಯವರೊಂದಿಗೆ ಬಂದರು. ಮಂಡಿಯೂರಿ ಭೂತಗನ್ನಡಿ ಹಿಡಿದು ಹೂವನ್ನು ನೋಡಿದರು. ಎಸಳಿನ ಮೇಲೆ ಗಡ್ಡದಂಥ ಕೂದಲಿಲ್ಲ, ಹಾಗಾಗಿ ತೋಟದ ಐರಿಸ್ ಅಲ್ಲ. ಎಸಳುಗಳ ಕೆಳಗಿನ ಕೊಳವೆ ತೀರಾ ಗಿಡ್ಡ, ಹಾಗಾಗಿ ಗುಡ್ಡದ ಕಡೆಯದೂ ಅಲ್ಲ. "ಆ ಅಪರೂಪದ್ದಾದರೆ ಒಂದೇ ಕಾಂಡದಲ್ಲಿ ನಾಲ್ಕೈದು ಹೂವಾದರೂ ಬಿಡುತ್ತದೆ. ಇದು ಎಷ್ಟು ಬಿಟ್ಟಿತೆಂದು ಗೊತ್ತಿದ್ದರೆ ಇನ್ನೂ ಖಚಿತವಾಗುತ್ತಿತ್ತು" ಎಂದರು. ನಾನು ಡಬ್ಬ ತೆರೆದೆ. ಮನೆಯಲ್ಲಿ ಫೋಟೊದ ಮೇಲಿರುವುದೂ ಸೇರಿ ಐದು, ಇದು ಆರನೆಯದು ಎಂದೆ. ಅವರು ಒಣ ಹೂವೊಂದನ್ನು ಎತ್ತಿ, ಅದಕ್ಕಂಟಿದ್ದ ಕೆಂಪು ಪುಡಿ ಏನೆಂದು ಕೇಳಿದರು. ಕುಂಕುಮದ ಕಥೆ ಹೇಳಬೇಕಾಯಿತು. ಗಂಭೀರವಾಗಿ ಕೇಳಿ, ಗುದ್ದಲಿಯವರನ್ನು ದೂರ ಕಳಿಸಿ, ಗಿಡದ ಸುತ್ತ ನಾಲ್ಕು ಬಾವುಟ ನೆಡಿಸಿದರು. ಆಮೇಲೆ ಪುಸ್ತಕ ತೆಗೆದರು.

"ಅರಳಿದ್ದನ್ನು ಮೊದಲು ನೋಡಿದವರು ಯಾರು?"

ನನ್ನ ಬಾಯಿ ಅರ್ಧ ತೆರೆದಿತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅತ್ತೆಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ. ಚಳಿಗೆ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು ನಿಂತಿದ್ದರು. ನಾನು ಅವರ ಹೆಸರು ಹೇಳಿದೆ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ತಮ್ಮ ಹೆಸರು ಕೇಳಿ ಅತ್ತೆ ಬೆಚ್ಚಿದರು. "ನನ್ನೆಸ್ರು ಯಾಕಂತೆ? ಫೈನು ಹಾಕ್ತಾರಾ?"

ಫೈನಲ್ಲ, ಹೂವನ್ನು ಮೊದಲು ಕಂಡವರ ಹೆಸರು ಬರೆದಿಡುತ್ತಾರೆ ಎಂದೆ. ಅತ್ತೆ ಪುಸ್ತಕದ ಕಡೆ ಬಗ್ಗಿ, ಮುಖ್ಯಸ್ಥೆಯ ಪೆನ್ನು ತಮ್ಮ ಹೆಸರು ಬರೆದು ಮುಗಿಸುವವರೆಗೂ ನೋಡಿದರು. ಆಮೇಲೆ ನನ್ನ ತೋಳು ಹಿಡಿದೆಳೆದು ಕಿವಿಯಲ್ಲಿ ಹೇಳಿದರು:

"ಕಿತ್ತೋಳು ಅಂತ ಬರ್ದಿಲ್ಲ ತಾನೆ? ಕಂಡೋಳು ಅಂತ್ಲೇ ಇರ್ಲಿ, ಸರಿಯಾಗಿ ನೋಡವ್ವ."